ಹಳೆ ಕಂಪ್ಯೂಟರಿಗೆ ವಿಂಡೋಸ್ 11 ಹತ್ತುತ್ತಿಲ್ಲವೇ? ದೋಷ ಎಲ್ಲಿದೆ ಅಂತ ಹಿಡಿಯುವುದು ಹೀಗೆ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲಿಂದ ರಾಯಚೂರಿನಲ್ಲಿ ನಮ್ಮ ಟೇಬಲ್ ಮೇಲೆ ಬರುವ ಮಷೀನುಗಳದ್ದು ಹೆಚ್ಚುಕಡಿಮೆ ಒಂದೇ ಕಥೆ. "ಸರ್, ಚೆಂದ ನಡದಿತ್ರಿ, ಹನ್ನೊಂದು ಹಾಕಾಕ ಹೋದ್ವಿ, ಈಗ ಆನ್ ಆಗವಲ್ದು ನೋಡ್ರಿ." ಗಂಜ್‌ನ ದಲಾಲಿ ಅಂಗಡಿಯಿಂದ ಬರಲಿ, ಜೆರಾಕ್ಸ್ ಅಂಗಡಿಯಿಂದ ಬರಲಿ, ಮಾತು ಇದೇ. ಬೈಗುಳ ಮಾತ್ರ ಹೊಸ ವಿಂಡೋಸಿಗೆ.

ಬಿಚ್ಚಿ ನೋಡಿದರೆ ಬಹಳಷ್ಟು ಸಲ ಹೊಸ ವಿಂಡೋಸಿನ ತಪ್ಪು ಇರುವುದಿಲ್ಲ. ಡಿಸ್ಕ್ ಮೊದಲೇ ಸಾಯುತ್ತಿತ್ತು, ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸೆಲ್ ಯಾವಾಗಲೋ ಖಾಲಿಯಾಗಿತ್ತು, ಫ್ಯಾನ್ ಧೂಳು ತಿಂದು ತಿರುಗುವುದನ್ನೇ ಮರೆತಿತ್ತು. ದಿನಾ ಬರೀ ಬಿಲ್ ಹೊಡೆಯುವ ಮಷೀನಿಗೆ ಇದ್ಯಾವುದೂ ಗೊತ್ತಾಗಲ್ಲ. ಖಾಲಿ ಟ್ರ್ಯಾಕ್ಟರ್ ಓಡಿಸುವಾಗ ಕ್ಲಚ್ ಸವೆದದ್ದು ತಿಳಿಯುವುದಿಲ್ಲ, ಭತ್ತದ ಲೋಡ್ ಹಾಕಿ ಏರು ಹತ್ತಿಸಿದಾಗ ತಿಳಿಯುತ್ತದೆ, ಹಾಗೆ. ಅಪ್‌ಗ್ರೇಡ್ ಅಂದರೆ ಡಿಸ್ಕು, ರ‍್ಯಾಮು, ಪ್ರೊಸೆಸರ್ ಎಲ್ಲಾ ಒಟ್ಟಿಗೆ ಒಂದೆರಡು ಗಂಟೆ ಪೂರಾ ದುಡಿಯುವ ಹೊತ್ತು.

ಹಾಗಾಗಿ ಎರರ್ ಕೋಡ್ ಹಿಡಿದುಕೊಂಡು ಇಂಟರ್‌ನೆಟ್‌ನಲ್ಲಿ ಅಲೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿ ನಿಂತಿತು? ಶುರುವೇ ಆಗಲಿಲ್ಲವಾ? ಇನ್ನೂ ವಿಂಡೋಸ್ ಒಳಗೆ ಇರುವಾಗಲೇ ನಿಂತಿತಾ? ರೀಸ್ಟಾರ್ಟ್ ಆದ ಮೇಲೆ ವಾಪಸ್ ಹಳೆಯದಕ್ಕೆ ಬಂತಾ? ಅಥವಾ ಎಲ್ಲಾ ಮುಗಿದು, ಆಮೇಲೆ ಪ್ರಿಂಟರ್, ಕನ್ನಡ ಟೈಪ್ ಮಾಡುವ ನುಡಿ, ಹಳೆ ಸಾಫ್ಟ್‌ವೇರ್ ಕೈಕೊಟ್ಟವಾ? ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಇನ್ನೊಂದು ಮಾತು. ಕೆಳಗಿನ ಯಾವುದನ್ನು ಮಾಡುವ ಮೊದಲೂ ಡೇಟಾ ಬೇರೆ ಡಿಸ್ಕಿಗೆ ತೆಗೆದಿಡಿ. ಟ್ಯಾಲಿ ಡೇಟಾ ಫೋಲ್ಡರ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಜೊತೆಗೆ ವಿಂಡೋಸ್ ಫಾಂಟ್ಸ್ ಫೋಲ್ಡರಿನಲ್ಲಿರುವ ನುಡಿ, ಬರಹ ಫಾಂಟುಗಳು. "ಡಿ ಡ್ರೈವ್‌ನಾಗ ಐತ್ರಿ" ಅನ್ನುತ್ತಾರೆ. ಸಿ, ಡಿ ಎರಡೂ ಇರುವುದು ಒಂದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ.

ಶುರುವೇ ಆಗದಿದ್ದರೆ

"ಈ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ" ಅಂತ ಬಂದರೆ ಅದು ಕೆಟ್ಟದ್ದಲ್ಲ, ಷರತ್ತು. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವುದನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಮಾಡಬಲ್ಲ ಯುಇಎಫ್‌ಐ (ಹೊಸ ರೀತಿಯ ಬಯೋಸ್), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಭದ್ರವಾಗಿ ಇಡುವ ಭಾಗ) ಬೇಕು. ಇಷ್ಟಿದ್ದರೂ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಕೆಲವೇ ಅಪವಾದ ಬಿಟ್ಟು 8ನೇ ಜನರೇಷನ್‌ನಿಂದ ಮೇಲೆ. ಎಎಂಡಿ ಆದರೆ ಸುಮಾರಾಗಿ ರೈಜೆನ್ 2000 ಸರಣಿಯಿಂದ.

ಇಲ್ಲಿ ಒಂದು ಮೋಸ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಮಷೀನ್ ಮಾರುವವರು "ಐ5 ಐತಿ" ಅಂತಷ್ಟೇ ಹೇಳುತ್ತಾರೆ. ಐ5 ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ಅದರ ಮುಂದಿನ ನಂಬರ್ ನೋಡಿ. ಐ5-3470 ಅಂದರೆ 3ನೇ ಜನರೇಷನ್. ಐ5-8400 ಅಂದರೆ 8ನೇದು. ಎಚ್61 ಮದರ್‌ಬೋರ್ಡ್ ಇರುವ ಮಷೀನುಗಳು ನಮ್ಮ ಕಡೆ ರಾಶಿ ಇವೆ. ಅವು 2 ಮತ್ತು 3ನೇ ಜನರೇಷನ್‌ನವು. ಏನೇ ಮಾಡಿದರೂ ಪಟ್ಟಿಗೆ ಸೇರುವುದಿಲ್ಲ.

ಪ್ರೊಸೆಸರ್ ಹೊಸದಿದ್ದೂ "ಟಿಪಿಎಂ ಇಲ್ಲ" ಅಂತ ಬಂದರೆ ಖುಷಿಪಡಿ, ಇದು ಸುಲಭದ ದೋಷ. ಬಹಳ ಬೋರ್ಡುಗಳಲ್ಲಿ ಅದು ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೆ. ಬಯೋಸ್ ಒಳಗೆ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಅನ್ನುವ ಹೆಸರಿನಲ್ಲಿ ಅಡಗಿರುತ್ತದೆ. ಆನ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಆದರೆ ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಯ ಕೀ ಕೇಳುತ್ತದೆ. ಅದು ಯಾವ ಇಮೇಲ್ ಖಾತೆಯಲ್ಲಿದೆ ಅಂತ ಅಂಗಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಸೆಕ್ಯೂರ್ ಬೂಟ್ ವಿಷಯ ಸ್ವಲ್ಪ ಕಿರಿಕಿರಿ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದು "ಬಯೋಸ್ ಮೋಡ್" ಸಾಲು ನೋಡಿ. ಅಲ್ಲಿ ಲೆಗಸಿ (ಹಳೆ ರೀತಿಯ ಬೂಟ್) ಅಂತಿದ್ದರೆ ಡಿಸ್ಕ್ ಎಂಬಿಆರ್ ರೀತಿಯದ್ದು, ಅಂದರೆ ಅದರ ಭಾಗಗಳನ್ನು ಹಳೆ ಪದ್ಧತಿಯಲ್ಲಿ ಹಂಚಿದೆ ಅಂತ ಅರ್ಥ. ಬಯೋಸ್‌ನಲ್ಲಿ ಸುಮ್ನೆ ಯುಇಎಫ್‌ಐ ಅಂತ ಬದಲಿಸಿದರೆ ಮಷೀನ್ ಬೂಟ್ ಆಗುವುದಿಲ್ಲ. ಮೊದಲು ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಬೇಕು. ಅದಕ್ಕೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಇದೆ. ಮೊದಲು ವ್ಯಾಲಿಡೇಟ್ ಅಂತ ಕೊಟ್ಟು ಪರೀಕ್ಷೆ ಮಾಡಿ, ಪಾಸಾದರೆ ಮಾತ್ರ ಕನ್ವರ್ಟ್ ಕೊಡಿ. ನಮ್ಮ ಕಡೆ ಈ ಪರೀಕ್ಷೆ ಫೇಲ್ ಆಗುವುದಕ್ಕೆ ಒಂದು ಖಾಯಂ ಕಾರಣ ಇದೆ. ಹಳೆ ಕಾಲದಲ್ಲಿ ಮಷೀನ್ ಹೊಂದಿಸಿ ಕೊಟ್ಟವರು ಸಿ, ಡಿ, ಇ, ಎಫ್ ಅಂತ ನಾಲ್ಕು ಭಾಗ ಮಾಡಿರುತ್ತಾರೆ, ಅದರಲ್ಲಿ ಡಿ ಇಂದ ಮುಂದಿನವೆಲ್ಲಾ ಲಾಜಿಕಲ್ ಪಾರ್ಟಿಷನ್, ಅಂದರೆ ಒಂದು ದೊಡ್ಡ ಭಾಗದ ಒಳಗೆ ಮಾಡಿದ ಸಣ್ಣ ಭಾಗಗಳು. ಲಾಜಿಕಲ್ ಪಾರ್ಟಿಷನ್ ಇದ್ದರೆ ಈ ಕಮಾಂಡ್ ಒಪ್ಪುವುದಿಲ್ಲ. ಡೇಟಾ ಹೊರಗೆ ತೆಗೆದು ಆ ಭಾಗಗಳನ್ನು ಅಳಿಸಿದರೆ ಒಪ್ಪುತ್ತದೆ. ಅಷ್ಟು ಮಾಡುವ ಹೊತ್ತಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಬೇಗ ಅನಿಸಿದರೆ ಅದೂ ಸರಿಯೇ.

ಇನ್ನೊಂದು ಜಾಗ ನೋಡಿ: ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದರೆ "32 ಬಿಟ್ ಆಪರೇಟಿಂಗ್ ಸಿಸ್ಟಂ" ಅಂತ ಇದೆಯಾ? 4 ಜಿಬಿ ರ‍್ಯಾಮ್ ಹಾಕಿಸಿದ್ದರೂ 3 ಚಿಲ್ಲರೆ ಮಾತ್ರ ಬಳಕೆಗೆ ಸಿಗುತ್ತಿದ್ದರೆ ಅದೂ ಇದರದ್ದೇ ಸುಳಿವು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. 32ರಿಂದ 64ಕ್ಕೆ ಇದ್ದಲ್ಲೇ ಏರಿಸಲಿಕ್ಕೂ ಬರುವುದಿಲ್ಲ. ಡಿಸ್ಕ್ ಒರೆಸಿ ಹೊಸದಾಗಿಯೇ ಹಾಕಬೇಕು. ವಿಂಡೋಸ್ 7 ಇರುವವರಿಗೂ ಅಷ್ಟೆ, ಪ್ರೋಗ್ರಾಂ ಉಳಿಸಿಕೊಂಡು ನೇರ 11ಕ್ಕೆ ಹಾರುವ ದಾರಿ ಇಲ್ಲ. ಹಳೆ 7ರ ಕೀ ಕೊಟ್ಟು 11 ಆಕ್ಟಿವೇಟ್ ಮಾಡುವ ದಾರಿಯನ್ನೂ 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಚ್ಚಿತು.

ಅರ್ಧಕ್ಕೆ ನಿಂತರೆ: ಮೊದಲ ಅನುಮಾನ ಡಿಸ್ಕಿನ ಮೇಲೆ

ಶೇಕಡಾ ಲೆಕ್ಕ ಒಂದೇ ಕಡೆ ನಿಂತಿದೆ, ಗಂಟೆಗಟ್ಟಲೆ ಮುಂದೆ ಹೋಗುತ್ತಿಲ್ಲ. ಆಗ ತಕ್ಷಣ ಸ್ವಿಚ್ ಆರಿಸಬೇಡಿ. ಸಿಪಿಯು ಡಬ್ಬಿಯ ಮುಂದಿನ ಕೆಂಪು ಲೈಟ್ ನೋಡಿ. ಬಿಟ್ಟು ಬಿಟ್ಟು ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ, ಹಳೆ ಹಾರ್ಡ್‌ಡಿಸ್ಕ್‌ನಲ್ಲಿ ಅದು ಅಷ್ಟೇ ನಿಧಾನ. ಲೈಟ್ ಮಿನುಗದೆ ಒಂದೇ ಸಮ ಉರಿಯುತ್ತಾ, ಡಬ್ಬಿಗೆ ಕಿವಿ ಕೊಟ್ಟರೆ ಟಕ್... ಟಕ್... ಅಂತ ಒಂದೇ ಅಳತೆಯಲ್ಲಿ ಸದ್ದು ಬರುತ್ತಿದ್ದರೆ ಡಿಸ್ಕ್ ಒಂದೇ ಜಾಗವನ್ನು ಓದಲು ಒದ್ದಾಡುತ್ತಿದೆ.

ಊಹೆ ಬೇಡ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಮೇಲೆ ದೊಡ್ಡದಾಗಿ "ಗುಡ್" ಅಂತ ನೀಲಿ ಬಣ್ಣ ಇದ್ದ ಮಾತ್ರಕ್ಕೆ ನಂಬಬೇಡಿ, ಕೆಳಗಿನ ಪಟ್ಟಿ ಓದಿ. 05 ಅನ್ನುವ ಸಾಲು ಕೆಟ್ಟು ಬದಲಾದ ಸೆಕ್ಟರುಗಳ ಲೆಕ್ಕ. ಸಿ5 ಅನ್ನುವುದು ಓದಲಾಗದೆ ಕಾಯುತ್ತಿರುವವು. ಸಿ6 ಸರಿಪಡಿಸಲಾಗದವು. ಈ ಮೂರರ ಕೊನೆಯ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ, ಅದರಲ್ಲೂ ಸಿ5 ಏರುತ್ತಾ ಹೋಗುತ್ತಿದ್ದರೆ, ಆ ಡಿಸ್ಕಿನ ಮೇಲೆ ಅಪ್‌ಗ್ರೇಡ್ ಪ್ರಯತ್ನ ಅಲ್ಲಿಗೇ ನಿಲ್ಲಿಸಿ. ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ. ಅದು ಪೂರಾ ಡಿಸ್ಕನ್ನು ತಿರುವಿ ಹಾಕುತ್ತದೆ, ಸಾಯುತ್ತಿರುವ ಡಿಸ್ಕ್ ಆ ಹೊತ್ತಿನಲ್ಲೇ ಪ್ರಾಣ ಬಿಡಬಹುದು. ಮೊದಲು ಡೇಟಾ ತೆಗೆಯಿರಿ.

ಸಿ7 ಸಾಲು ಮಾತ್ರ ಏರಿದ್ದು ಉಳಿದವೆಲ್ಲ ಸೊನ್ನೆ ಇದ್ದರೆ ಗಾಬರಿ ಬೇಡ. ಅದು ಕೇಬಲ್ ದೋಷ. ಸಾಟಾ ಕೇಬಲ್ ಬದಲಿಸಿ, ಬೋರ್ಡಿನಲ್ಲಿ ಬೇರೆ ಪೋರ್ಟಿಗೆ ಚುಚ್ಚಿ ನೋಡಿ. ಕೇಬಲ್‌ಗೆ ಎಷ್ಟು ದುಡ್ಡು ಅಂತೀರಿ, ಊಟದ ಬೆಲೆಯೂ ಇಲ್ಲ. ಆದರೆ ಇದಕ್ಕೋಸ್ಕರ ಡಿಸ್ಕನ್ನೇ ಬಿಸಾಡಿದವರು ಇದ್ದಾರೆ.

ಡಿಸ್ಕ್ ಬದಲಿಸುವುದೇ ಆದರೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿ. ಎಚ್61 ಬೋರ್ಡಿನ ಸಾಟಾ ಪೋರ್ಟ್ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, "ಹೊಸ ಎಸ್‌ಎಸ್‌ಡಿ ಹಾಕಿದರೆ ದಂಡ" ಅಂತ ಕೆಲವರು ಹೇಳುತ್ತಾರೆ. ಸುಳ್ಳು. ಹಳೆ ಹಾರ್ಡ್‌ಡಿಸ್ಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಹಳೆ ಮಷೀನಿಗೆ ಹಾಕುವ ದುಡ್ಡಿನಲ್ಲಿ ಹುಟ್ಟುವುದು ಇದೊಂದೇ ಅಂತ ನನ್ನ ಅಭಿಪ್ರಾಯ.

ಡಿಸ್ಕ್ ಗಟ್ಟಿ ಇದ್ದೂ ನಿಂತರೆ ಜಾಗ ನೋಡಿ. ಕೋಡುಗಳನ್ನು ಬರೆಯುವಾಗ ಮೊದಲಿನ ಸೊನ್ನೆ-ಎಕ್ಸ್ ಬಿಟ್ಟು ಬರೆಯುತ್ತೇನೆ. 80070070 ಅಂದರೆ ಸಿ ಡ್ರೈವ್‌ನಲ್ಲಿ ಜಾಗ ಸಾಲದು. ಕನಿಷ್ಠ 25-30 ಜಿಬಿ ಖಾಲಿ ಮಾಡಿಕೊಳ್ಳಿ. "ಸಿಸ್ಟಂ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ" ಅಂತ ಬಂದರೆ ಸಿ ಡ್ರೈವ್ ಖಾಲಿ ಮಾಡಿ ಉಪಯೋಗವಿಲ್ಲ. ಕಣ್ಣಿಗೆ ಕಾಣದ 100 ಎಂಬಿಯ ಪುಟ್ಟ ಭಾಗ ಒಂದಿರುತ್ತದೆ, ಅದು ತುಂಬಿದೆ. ಅದಕ್ಕೆ ಡ್ರೈವ್ ಅಕ್ಷರ ಕೊಟ್ಟು ತೆರೆದು, ಬೂಟ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿನ ಫೈಲುಗಳನ್ನು ಮಾತ್ರ ಅಳಿಸಿದರೆ ಬೇಕಾದಷ್ಟು ಜಾಗ ಆಗುತ್ತದೆ. ಅಲ್ಲಿ ಬೇರೆ ಏನನ್ನೂ ಮುಟ್ಟಬೇಡಿ.

ಪೆನ್‌ಡ್ರೈವ್‌ನಿಂದ ಹಾಕುವಾಗ 8007025ಡಿ ಬಂದರೆ ಒಂದೋ ಪೆನ್‌ಡ್ರೈವ್ ಕೆಟ್ಟಿದೆ, ಇಲ್ಲಾ ರ‍್ಯಾಮ್. ಸಂತೆಯಲ್ಲಿ ಸಿಗುವ ಅಗ್ಗದ 64 ಜಿಬಿ ಪೆನ್‌ಡ್ರೈವ್‌ಗಳಲ್ಲಿ ನಿಜವಾಗಿ ಅಷ್ಟು ಜಾಗ ಇರುವುದೇ ಅನುಮಾನ. ನಂಬಿಕಸ್ಥ 8 ಜಿಬಿಯದ್ದು ಸಾಕು. ವಿಂಡೋಸ್ ಫೈಲನ್ನು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲೇ ಇಳಿಸಿ. ಯಾರೋ "ಆಕ್ಟಿವೇಟೆಡ್" ಅಂತ ಕೊಟ್ಟ ಫೈಲ್ ಬೇಡ.

ನಡುವೆ ಧಪ್ಪಂತ ಆಫ್ ಆದರೆ

ಇದು ಕರೆಂಟು ಮತ್ತು ಬಿಸಿಲಿನ ಮಾತು. ಕರ್ನಾಟಕಕ್ಕೆ ಕರೆಂಟ್ ಕೊಡುವ ಶಾಖೋತ್ಪನ್ನ ಸ್ಥಾವರ ಶಕ್ತಿನಗರದಲ್ಲಿ ನಮ್ಮ ಪಕ್ಕದಲ್ಲೇ ಇದೆ, ಆದರೂ ಅಪ್‌ಗ್ರೇಡ್ ಹಾಕಿದ ದಿನವೇ ಕರೆಂಟ್ ಹೋಗುತ್ತದೆ, ಅಲ್ವಾ? ಯುಪಿಎಸ್ ಇದೆ ಅಂತ ಧೈರ್ಯ ಮಾಡಬೇಡಿ. ಮೊದಲು ಪ್ಲಗ್ ತೆಗೆದು ಪರೀಕ್ಷೆ ಮಾಡಿ, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ನೋಡಿ. ಬರೀ ಬೀಪ್ ಅಂದು ಮಲಗಿದರೆ ಅದರ ಬ್ಯಾಟರಿ ಮುಗಿದಿದೆ.

ಕರೆಂಟ್ ಇದ್ದೂ ಆಫ್ ಆದರೆ ಇವೆಂಟ್ ವ್ಯೂವರ್ ತೆರೆದು ಕರ್ನಲ್-ಪವರ್ 41 ಅನ್ನುವ ದಾಖಲೆ ಹುಡುಕಿ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅನ್ನುವ ಸಾಲಿದೆ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸಿಗೆ ಏನೂ ಹೇಳಲು ಸಮಯವೇ ಸಿಕ್ಕಿಲ್ಲ. ಅಂದರೆ ಎಸ್‌ಎಂಪಿಎಸ್ (ಡಬ್ಬಿಯ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ), ಬಿಸಿ, ಇಲ್ಲಾ ಪ್ಲಗ್ ಸಡಿಲ. ಸೊನ್ನೆ ಅಲ್ಲದ ಅಂಕಿ ಇದ್ದರೆ ನೀಲಿ ಪರದೆ ಬಂದು ಬಿದ್ದಿದೆ, ಅದು ಡ್ರೈವರ್ ಅಥವಾ ರ‍್ಯಾಮ್ ಕಡೆಗೆ ಬೆರಳು ತೋರಿಸುತ್ತದೆ. ನೀಲಿ ಪರದೆ ಪ್ರತಿ ಸಲ ಒಂದೇ ಹೆಸರು ಹೇಳಿದರೆ ಡ್ರೈವರ್ ಇರಬಹುದು, ಪ್ರತಿ ಸಲ ಬೇರೆ ಬೇರೆ ಹೇಳಿದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ರ‍್ಯಾಮ್ ಕಿತ್ತು, ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ ತೆಗೆದು ಗಟ್ಟಿಯಾಗಿ ಕೂರಿಸಿ. ಎರಡು ಸ್ಟಿಕ್ ಇದ್ದರೆ ಒಂದೊಂದೇ ಹಾಕಿ ಮೆಮೊರಿ ಡಯಾಗ್ನೊಸ್ಟಿಕ್ ಓಡಿಸಿ.

ಧೂಳಿನ ಬಗ್ಗೆ ಹೇಳಲೇಬೇಕು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಡಬ್ಬಿ ಬಿಚ್ಚಿದರೆ ಯಾವ ಕಸುಬಿನವರ ಮಷೀನ್ ಅಂತ ಹೇಳಿಬಿಡಬಹುದು. ಸಂಡೂರು ಕಡೆಯದಾದರೆ ಕೆಂಪು ಅದಿರಿನ ಧೂಳು. ಗಂಗಾವತಿ ರೈಸ್ ಮಿಲ್ಲಿನದಾದರೆ ತೌಡಿನ ಪುಡಿ, ಅದು ಜಿಡ್ಡು ಹಿಡಿದು ಬ್ಲೋವರ್‌ಗೂ ಬರುವುದಿಲ್ಲ, ಬ್ರಷ್ ಬೇಕು. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದ ಮಷೀನಂತೂ ನೋಡುವಂತಿರುತ್ತದೆ. ಮೇಲಿನಿಂದ ಫ್ಯಾನ್ ಸ್ವಚ್ಛ ಕಾಣುತ್ತದೆ, ತಿರುಗುತ್ತಲೂ ಇರುತ್ತದೆ. ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದರೆ ಅದರ ಕೆಳಗೆ, ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ, ನೀಲಿ ನೂಲಿನ ಹೊಟ್ಟು ಕಂಬಳಿ ತುಂಡಿನ ಹಾಗೆ ಒತ್ತಿ ಕೂತಿರುತ್ತದೆ. ಉಗುರಿನಿಂದ ಒಂದು ಮೂಲೆ ಹಿಡಿದೆಳೆದರೆ ಇಡೀ ಪದರ ಒಟ್ಟಿಗೆ ಎದ್ದು ಬರುತ್ತದೆ. ಗಾಳಿ ಒಳಗೆ ಹೋಗುವುದಾದರೂ ಎಲ್ಲಿಂದ? ಕೆಳಗಿನ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿರುತ್ತದೆ. ಅದನ್ನು ಒರೆಸಿ ಹೊಸ ಪೇಸ್ಟ್ ಬಟಾಣಿಯಷ್ಟು ಹಾಕಿ. ಆಮೇಲೆ ಎಚ್‌ಡಬ್ಲ್ಯುಇನ್ಫೋ ಥರದ ಸಾಫ್ಟ್‌ವೇರ್‌ನಲ್ಲಿ ಉಷ್ಣತೆ ನೋಡಿ. ಸುಮ್ಮನಿದ್ದಾಗಲೇ 70 ಡಿಗ್ರಿ ದಾಟುತ್ತಿದ್ದರೆ ಅಪ್‌ಗ್ರೇಡ್ ಬೇಡ, ಹೀಟ್‌ಸಿಂಕ್ ಸರಿ ಕೂತಿಲ್ಲ. ಮೇ ತಿಂಗಳಲ್ಲಿ ಕೆಲಸ ಇದ್ದರೆ ನಸುಕಿನಲ್ಲೇ ಹಾಕಿಬಿಡಿ. ಮಧ್ಯಾಹ್ನ ನಮಗೇ ತಡೆಯಲ್ಲ, ಮಷೀನಿಗೆ ಎಲ್ಲಿ.

ರೀಸ್ಟಾರ್ಟ್ ಆಗಿ ಹಳೆಯದಕ್ಕೇ ವಾಪಸ್ ಬಂದರೆ

"ಹಿಂದಿನ ವಿಂಡೋಸಿಗೆ ಮರಳಿಸುತ್ತಿದ್ದೇವೆ" ಅಂತ ಬಂದು ಹಳೆ ಡೆಸ್ಕ್‌ಟಾಪ್ ತೋರಿಸಿದರೆ ಬಹುಪಾಲು ಕೋಡ್ ಸಿ1900101 ಇರುತ್ತದೆ. ಇದರ ಅರ್ಥ ಸಾಮಾನ್ಯವಾಗಿ ಡ್ರೈವರ್ ತಕರಾರು. ಆದರೆ ಇದರ ಜೊತೆ ಬರುವ ಎರಡನೇ ಕೋಡೇ ಮುಖ್ಯ, ಅದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಅದರ ಮೊದಲ ಅಂಕಿ ಯಾವ ಹಂತದಲ್ಲಿ ಬಿತ್ತು ಅಂತ ಹೇಳುತ್ತದೆ. 2 ಇದ್ದರೆ ಮೊದಲ ರೀಸ್ಟಾರ್ಟ್ ಆದ ತಕ್ಷಣದ ಹಂತ, 3 ಇದ್ದರೆ ಹೊಸ ವಿಂಡೋಸ್‌ನ ಮೊದಲ ಬೂಟ್, 4 ಇದ್ದರೆ ಎರಡನೇ ಬೂಟ್. 3000ಡಿ ಆಗಿದ್ದರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಕಣ್ಣಿಡಿ. ಹಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಡ್ರೈವರ್ ತೆಗೆದು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇಗೆ ಬಿಡಿ. 40017 ಆಗಿದ್ದರೆ ಆಂಟಿವೈರಸ್ ಮೊದಲ ಆರೋಪಿ. ಬರೀ ಆಫ್ ಮಾಡಿದರೆ ಸಾಲದು, ಪೂರಾ ಅನ್‌ಇನ್‌ಸ್ಟಾಲ್ ಮಾಡಬೇಕು.

ಕೋಡ್ ಏನೇ ಇರಲಿ, ಎರಡನೇ ಪ್ರಯತ್ನಕ್ಕೆ ಮೊದಲು ಕೀಬೋರ್ಡು, ಮೌಸು, ಮಾನಿಟರ್ ಬಿಟ್ಟು ಎಲ್ಲಾ ಕಿತ್ತುಬಿಡಿ. ಪ್ರಿಂಟರ್, ಬೆರಳಚ್ಚು ಯಂತ್ರ, ವೈಫೈ ಡಾಂಗಲ್, ಡಿಜಿಟಲ್ ಸಹಿಯ ಟೋಕನ್, ಎಲ್ಲಾ. ಆನ್‌ಲೈನ್ ಸೆಂಟರ್‌ಗಳ ಮಷೀನ್‌ಗಳಲ್ಲಿ ಹತ್ತು ಥರದ ಯುಎಸ್‌ಬಿ ಸಾಮಾನು ನೇತಾಡುತ್ತಿರುತ್ತವೆ. ಇಷ್ಟು ಮಾಡಿದರೇ ದಾಟಿಕೊಳ್ಳುವ ಮಷೀನುಗಳು ಕಡಿಮೆ ಏನಲ್ಲ. ಅದೂ ಆಗದಿದ್ದರೆ ಮೈಕ್ರೋಸಾಫ್ಟ್‌ನ ಸೆಟಪ್‌ಡಯಾಗ್ ಓಡಿಸಿ. ಅದು ಲಾಗ್ ಫೈಲುಗಳನ್ನು ಓದಿ ಯಾವ ನಿಯಮದಲ್ಲಿ ಬಿತ್ತು, ಬಹಳ ಸಲ ಯಾವ ಡ್ರೈವರ್ ಅಂತ ಹೆಸರು ಸಮೇತ ಹೇಳುತ್ತದೆ. ನಾವೇ ಲಾಗ್ ಓದುತ್ತಾ ಕೂರುವುದಕ್ಕಿಂತ ಎಷ್ಟೋ ವಾಸಿ.

ಬೂಟೇ ಆಗದಿದ್ದರೆ: ನಾಣ್ಯದಂಥ ಸೆಲ್

ಎಲ್ಲರೂ ದಾರಿ ತಪ್ಪುವುದು ಇಲ್ಲೇ. ಮಷೀನ್ ಚೆನ್ನಾಗಿ ಅಪ್‌ಗ್ರೇಡ್ ಆಗಿರುತ್ತದೆ, ಒಂದು ದಿನ ನಡೆದೂ ಇರುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸಿ ಅಂಗಡಿ ಬಾಗಿಲು ಹಾಕಿ ಹೋಗುತ್ತಾರೆ. ಬೆಳಿಗ್ಗೆ ಆನ್ ಮಾಡಿದರೆ "ಬೂಟ್ ಡಿವೈಸ್ ಇಲ್ಲ", ಇಲ್ಲವೇ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂತ ನೀಲಿ ಪರದೆ. ಫೋನ್ ಬರುತ್ತದೆ: "ಅಣ್ಣಾ, ನಿನ್ನೆ ನೀ ಹಾಕಿದ್ದು ಹೋತು."

ನಡೆದಿದ್ದೇನು ಅಂದರೆ, ಬೋರ್ಡಿನ ಮೇಲೆ ಸಿಆರ್2032 ಅನ್ನುವ 3 ವೋಲ್ಟಿನ ಸೆಲ್ ಇರುತ್ತದೆ. ಅದು ಖಾಲಿಯಾಗಿದ್ದರೆ, ಕರೆಂಟ್ ಪೂರಾ ಹೋದಾಗ ಬಯೋಸ್ ತನ್ನ ಸೆಟ್ಟಿಂಗ್ ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ಹಳೆ ಬೋರ್ಡುಗಳಲ್ಲಿ ಆ ಸ್ಥಿತಿ ಅಂದರೆ ಲೆಗಸಿ ಬೂಟ್ ಇರಬಹುದು, ಡಿಸ್ಕ್ ಮೋಡ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ) ಹಳೆಯ ಐಡಿಇ ಇರಬಹುದು. ಮೊದಲು ವಿಂಡೋಸ್ ಕೂಡ ಲೆಗಸಿಯಲ್ಲೇ ಇತ್ತು, ಹಾಗಾಗಿ ಸೆಲ್ ಸತ್ತರೂ ಯಾರಿಗೂ ಗೊತ್ತಾಗಲಿಲ್ಲ. ಗಡಿಯಾರ ತಪ್ಪು ತೋರಿಸುತ್ತಿತ್ತು, ಎಫ್1 ಒತ್ತಿ ಮುಂದೆ ಹೋಗುತ್ತಿದ್ದರು. ಈಗ ಡಿಸ್ಕನ್ನು ಜಿಪಿಟಿ ಮಾಡಿ ಯುಇಎಫ್‌ಐಗೆ ತಂದಿದ್ದೇವೆ, ಬಯೋಸ್ ಮಾತ್ರ ಲೆಗಸಿಗೆ ವಾಪಸ್ ಹೋಗಿದೆ. ಎರಡೂ ಎದುರುಬದುರು. ವಿಂಡೋಸ್ ಡಿಸ್ಕಿನಲ್ಲಿ ಹಾಗೇ ಇದೆ, ಏನೂ ಆಗಿಲ್ಲ.

ಪರೀಕ್ಷೆ ಸುಲಭ. ಬಯೋಸ್ ಒಳಗೆ ಹೋಗಿ ತಾರೀಖು ನೋಡಿ. ಹತ್ತು ಹದಿನೈದು ವರ್ಷ ಹಿಂದಿನದು ತೋರಿಸಿದರೆ ಕಳ್ಳ ಸಿಕ್ಕ. ಸೆಲ್ ಬದಲಿಸಿ, ಡಿಸ್ಕ್ ಮೋಡ್ ಮೊದಲು ಏನಿತ್ತೋ ಅದಕ್ಕೆ ತನ್ನಿ, ಸಾಮಾನ್ಯವಾಗಿ ಎಎಚ್‌ಸಿಐ. ಬೂಟ್ ಯುಇಎಫ್‌ಐಗೆ ತನ್ನಿ, ತಾರೀಖು ಸರಿ ಮಾಡಿ, ಸೇವ್ ಮಾಡಿ. ಎದ್ದು ಕೂರುತ್ತದೆ. ಇದು ತಿಳಿಯದೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತಾರೆ. ಮರುದಿನ ಮತ್ತೆ ಅದೇ.

ತಾರೀಖು ತಪ್ಪಿದ್ದರೆ ಇನ್ನೂ ಒಂದಷ್ಟು ನಕಲಿ ದೋಷ ಕಾಣುತ್ತವೆ. ವೆಬ್‌ಸೈಟ್‌ಗಳು "ಸುರಕ್ಷಿತವಲ್ಲ" ಅನ್ನುತ್ತವೆ, ಆಕ್ಟಿವೇಷನ್ ಆಗುವುದಿಲ್ಲ, ಅಪ್‌ಡೇಟ್ ಇಳಿಯುವುದಿಲ್ಲ. ಇವನ್ನೆಲ್ಲಾ ಇಂಟರ್‌ನೆಟ್ ದೋಷ ಅಂದುಕೊಂಡು ಕೇಬಲ್‌ನವರ ಜೊತೆ ಜಗಳ ಆಡಬೇಡಿ. ನನ್ನ ಕೇಳಿದರೆ ಅಪ್‌ಗ್ರೇಡ್‌ಗೆ ಬಂದ ಹಳೆ ಮಷೀನಿಗೆಲ್ಲಾ ಮೊದಲು ಸೆಲ್ ಬದಲಿಸಿಯೇ ಮುಂದಿನ ಕೆಲಸ ಮಾಡಬೇಕು.

ಎಲ್ಲಾ ಆಯಿತು, ಆದರೆ ಕೆಲಸ ನಡೆಯುತ್ತಿಲ್ಲ

ಹೊಸ ವಿಂಡೋಸ್ ಬಂದ ಮೇಲೆ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಲು ಅವಸರ ಮಾಡಬೇಡಿ. 10 ದಿನದ ಒಳಗೆ ಹಿಂದಕ್ಕೆ ಹೋಗುವ ಅವಕಾಶ ಅದರಲ್ಲಿದೆ. ಆ ದಿನಗಳಲ್ಲಿ ಎಲ್ಲಾ ಪ್ರಿಂಟರ್, ಎಲ್ಲಾ ಸಾಫ್ಟ್‌ವೇರ್ ಒಮ್ಮೆ ಮುಟ್ಟಿ ನೋಡಿ.

ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತಿದೆಯಾ? ಫೈಲ್ ಕೆಟ್ಟಿಲ್ಲ. ಅದು ಹಳೆ ನುಡಿಯ ಆನ್ಸಿ ಫಾಂಟಿನಲ್ಲಿ (ಯುನಿಕೋಡ್ ಅಲ್ಲದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟು) ಟೈಪ್ ಮಾಡಿದ್ದು, ಫಾಂಟ್ ಮಾತ್ರ ಈ ಮಷೀನಿನಲ್ಲಿಲ್ಲ. ಮೊದಲೇ ತೆಗೆದಿಟ್ಟ ಫಾಂಟುಗಳನ್ನು ಹಾಕಿದರೆ ಅಕ್ಷರ ವಾಪಸ್. ಅರ್ಜಿ, ಬಾಂಡು ಟೈಪ್ ಮಾಡುವವರ ಜೀವವೇ ಈ ಫೈಲುಗಳಲ್ಲಿ ಇರುತ್ತದೆ, ಹಾಗಾಗಿ ಮೊದಲು ಇದನ್ನೇ ತೆರೆದು ತೋರಿಸಿ, ಸಮಾಧಾನ ಆಗುತ್ತದೆ. ಫಾಂಟ್ ಇದ್ದೂ ಕೆಲವು ಕಡೆ ಮಾತ್ರ ಕನ್ನಡ ಟೈಪ್ ಆಗದಿದ್ದರೆ, ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆಯಾ ನೋಡಿ. ಹಾಗಿದ್ದರೆ ನುಡಿಯನ್ನೂ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಅಂತಲೇ ತೆರೆಯಬೇಕು. ಹಳೆ ಯುನಿಕೋಡ್ ಫೈಲಿನಲ್ಲಿ ತುಂಗಾ ಫಾಂಟ್ ಸಿಗುತ್ತಿಲ್ಲ ಅಂತಾದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ವಿಂಡೋಸ್ 10ರಿಂದಲೇ ಅದನ್ನು ಐಚ್ಛಿಕ ಮಾಡಿ ನಿರ್ಮಲಾ ಫಾಂಟನ್ನು ಮುಂದೆ ತಂದಿದ್ದಾರೆ.

ಪ್ರಿಂಟರ್‌ಗೆ 32 ಬಿಟ್ ಡ್ರೈವರ್ ಸಿಡಿ ಹಿಡಿದುಕೊಂಡು ಬರುತ್ತಾರೆ. 64 ಬಿಟ್ ವಿಂಡೋಸಿನಲ್ಲಿ ಅದು ನಡೆಯುವುದಿಲ್ಲ, ಕಂಪನಿಯ ಸೈಟಿನಿಂದ 64 ಬಿಟ್ ಡ್ರೈವರ್ ಇಳಿಸಿ. ಎರಡು ಮಷೀನ್ ಇರುವ ಅಂಗಡಿಯಲ್ಲಿ ಶೇರ್ ಮಾಡಿದ ಫೋಲ್ಡರ್, ಪ್ರಿಂಟರ್ ತೆರೆಯದಿದ್ದರೆ ಪಾಸ್‌ವರ್ಡ್ ಇಲ್ಲದ ಶೇರಿಂಗ್ ಕಾರಣ ಇರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ ಹೆಸರಿಲ್ಲದೆ ಗೆಸ್ಟ್ ಆಗಿ ಒಳಗೆ ಬರುವುದನ್ನು ನಿಲ್ಲಿಸಿದ್ದಾರೆ. ಶೇರ್ ಮಾಡುವ ಮಷೀನಿನಲ್ಲಿ ಒಂದು ಯೂಸರ್, ಒಂದು ಪಾಸ್‌ವರ್ಡ್ ಮಾಡಿ ಅದನ್ನು ಕೊಟ್ಟು ತೆರೆಯಿರಿ. ಒಂದು ಕಡೆ ಇನ್ನೂ ಎಕ್ಸ್‌ಪಿ ಇದ್ದರೆ ಹೊಸದರ ಜೊತೆ ಮಾತಾಡಿಸಲು ಹೋಗಬೇಡಿ, ಪೆನ್‌ಡ್ರೈವ್ ಬಳಸಿ.

ದಲಾಲಿ ಅಂಗಡಿ, ರೈಸ್ ಮಿಲ್‌ಗಳ ಕಷ್ಟ ಬೇರೆ. ಅಲ್ಲಿ ಇನ್ನೂ ಫಾಕ್ಸ್‌ಪ್ರೊದಲ್ಲಿ ಯಾರೋ ಬರೆದುಕೊಟ್ಟ ಕಪ್ಪು ಪರದೆಯ ಲೆಕ್ಕದ ಪ್ರೋಗ್ರಾಂ ಇರುತ್ತದೆ, ಬರೆದವರು ಈಗ ಎಲ್ಲಿದ್ದಾರೋ. ಡಾಸ್ ಕಾಲದ ಆ 16 ಬಿಟ್ ಪ್ರೋಗ್ರಾಂ 32 ಬಿಟ್ ವಿಂಡೋಸ್ 10ರವರೆಗೆ ಹೇಗೋ ನಡೆಯುತ್ತಿತ್ತು. 64 ಬಿಟ್‌ನಲ್ಲಿ ಖಂಡಿತಾ ನಡೆಯುವುದಿಲ್ಲ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ. ಹಳೆ ಡಾಸ್ ಮಷೀನನ್ನು ನಕಲು ಮಾಡುವ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಓಡಿಸಬಹುದು, ಅದಕ್ಕೆ ಪ್ರಿಂಟ್ ಕೊಡಲೂ ಬರುತ್ತದೆ, ಆದರೆ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಪಟ್ಟಿಯ ಅಂಚು ಸರಿಯಾಗಿ ಕೂರಿಸಲು ತಾಳ್ಮೆ ಬೇಕು. ಸೀಸನ್ ನಡುವೆ, ಭತ್ತದ ಲಾರಿ ಸಾಲು ನಿಂತಿರುವಾಗ ಈ ಪ್ರಯೋಗ ಬೇಡ. ಆ ಮಷೀನನ್ನು ಇಂಟರ್‌ನೆಟ್ ಕಿತ್ತು ಲೆಕ್ಕಕ್ಕೆ ಮಾತ್ರ ಇಟ್ಟು, ಜಿಎಸ್‌ಟಿ, ಬ್ಯಾಂಕ್ ಕೆಲಸಕ್ಕೆ ಬೇರೆ ಮಷೀನ್ ಇಟ್ಟುಕೊಳ್ಳುವುದು ವಾಸಿ.

ಪಟ್ಟಿಗೆ ಸೇರದ ಮಷೀನಿಗೆ ಏನು ಮಾಡಬೇಕು?

ಪೆನ್‌ಡ್ರೈವ್‌ಗೆ ವಿಂಡೋಸ್ ತುಂಬುವ ರೂಫಸ್‌ ಸಾಫ್ಟ್‌ವೇರ್‌ನಲ್ಲಿ ಟಿಕ್ ಹಾಕಿ, ರಿಜಿಸ್ಟ್ರಿಯಲ್ಲಿ ಒಂದು ಸಾಲು ಬರೆದು, ಷರತ್ತು ದಾಟಿಸಿ 11 ಹಾಕುವ ದಾರಿ ಇದೆ. ಎಷ್ಟೋ ಮಷೀನ್ ಹಾಗೆ ಓಡುತ್ತಿವೆ. ಆದರೆ ಅಂಥ ಮಷೀನಿಗೆ ಅಪ್‌ಡೇಟ್ ಕೊಡುವ ಭರವಸೆ ತಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಮನೆಯಲ್ಲಿ ಮಕ್ಕಳಿಗೆ ಆದರೆ ನಿಮ್ಮ ಇಷ್ಟ. ಡಿಜಿಟಲ್ ಸಹಿ, ಬ್ಯಾಂಕ್ ಕೆಲಸ ನಡೆಯುವ ಮಷೀನಿಗೆ ನಾನು ಹಾಕಿಕೊಡುವುದಿಲ್ಲ. ಜಿ31, ಜಿ41 ಬೋರ್ಡಿನ ಕೋರ್ 2 ಡ್ಯುಯೋ ಇದ್ದರೆ ಆ ದಾರಿಯೂ ಮುಚ್ಚಿದೆ. 24ಎಚ್2ಗೆ ಎಸ್‌ಎಸ್‌ಇ4.2 ಅನ್ನುವ ಸೌಲಭ್ಯ ಪ್ರೊಸೆಸರಿನಲ್ಲೇ ಇರಬೇಕು, ಆ ಪ್ರೊಸೆಸರುಗಳಲ್ಲಿ ಅದಿಲ್ಲ. ಲೋಗೋ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಇದೇ ಇರಬಹುದು.

ಅವಸರ ಇಲ್ಲದವರು ವಿಂಡೋಸ್ 10ರಲ್ಲೇ ಇರಬಹುದು. 22ಎಚ್2 ಆವೃತ್ತಿ ಇದ್ದರೆ ಇಎಸ್‌ಯು (ಅವಧಿ ಮುಗಿದ ಮೇಲೂ ಅಪ್‌ಡೇಟ್ ಕೊಡುವ) ಯೋಜನೆಗೆ ಸೇರಿ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಲಿಂಕ್ ಬರುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕು.

ಬರೀ ಇಂಟರ್‌ನೆಟ್, ಪಹಣಿ ಪ್ರಿಂಟ್, ಮಕ್ಕಳ ಓದು ಇಷ್ಟೇ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿ. ಪ್ರೊಸೆಸರ್ 64 ಬಿಟ್ ಇದ್ದು 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ನಡೆಯುತ್ತದೆ. 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಕನ್ನಡ ಟೈಪಿಂಗಿಗೆ ಇನ್‌ಸ್ಕ್ರಿಪ್ಟ್ ಮತ್ತು ನಮ್ಮ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಎರಡೂ ಸಿಗುತ್ತವೆ. ಟ್ಯಾಲಿ, ಹಳೆ ನುಡಿ, ಬೆರಳಚ್ಚು ಯಂತ್ರ ಬೇಕೇಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಉಳಿದವರು ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಒಮ್ಮೆ ಬೂಟ್ ಮಾಡಿ, ವೈಫೈ ಹಿಡಿಯುತ್ತದಾ ನೋಡಿ, ನಿಮ್ಮ ಪ್ರಿಂಟರ್ ಚುಚ್ಚಿ ಒಂದು ಹಾಳೆ ತೆಗೆಯಿರಿ. ಹಾಳೆ ಸರಿಯಾಗಿ ಬಂದರೆ ಇನ್‌ಸ್ಟಾಲ್ ಒತ್ತಿ, ಬರದಿದ್ದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ, ಹಳೆ ವಿಂಡೋಸ್ ಇದ್ದ ಹಾಗೇ ಇರುತ್ತದೆ.